ನಮ್ಮ ಮನೆಯ ರೇಸಿನ ಕುದುರೆ

ಶಾಲೆಯಲ್ಲಿ ನನ್ನ ಮೇಜಿನ ಖಾನೆಯೊಳಗೆ ಸೀಮೆಸುಣ್ಣದ ತುಂಡು, ಕೆಂಪು ಮಸಿಯ ಪೆನ್ನು, ಹಾಜರಿ ಪುಸ್ತಕಗಳ ನಡುವೆ ಒಂದು ಲಾಳವಿದೆ. ಪ್ರತಿ ಜೂನಿನಲ್ಲಿ ಎಂಟನೆಯ ಇಯತ್ತೆಗೆ ಹೊಸದಾಗಿ ಬಂದ ಹುಡುಗರಲ್ಲಿ ಒಬ್ಬನಾದರೂ ಅದನ್ನು ಕಂಡು, ಕೈಗೆ ತೆಗೆದುಕೊಂಡು, ತೂಗಿ ನೋಡಿ ನಗುತ್ತಾನೆ. "ಅಕ್ಕೋರ, ಇದು ಆಟಗಿ ಸಾಮಾನ ಇರಬೇಕ್ರಿ. ಲಾಳ ಇಷ್ಟ ಹಗೂರ ಇರೂದಿಲ್ರಿ" ಎನ್ನುತ್ತಾನೆ. ಅವನ ತಪ್ಪಲ್ಲ. ಎತ್ತಿನ ಕಾಲಿಗೆ ಲಾಳ ಬಡಿಯುವುದನ್ನು ಸಂತೆಯಲ್ಲಿ ನೋಡಿ ಬೆಳೆದ ಹುಡುಗ ಅವನು. ಲಾಳವೆಂದರೆ ಕಬ್ಬಿಣ ಎಂದು ಅವನಿಗೆ ಗೊತ್ತು. ಇದು ಅಲ್ಯುಮಿನಿಯಂನದು, ರೇಸಿನ ಕುದುರೆಯ ಕಾಲಿನದು. ಅಷ್ಟನ್ನು ಹೇಳಿ ಖಾನೆ ಮುಚ್ಚಿಬಿಡುತ್ತೇನೆ. ಪೂರ್ತಿ ಕತೆಯನ್ನು ಯಾವ ಹುಡುಗನಿಗೂ ಹೇಳಿಲ್ಲ. ಹೇಳಿದರೆ ಅದರಲ್ಲಿ ನನ್ನ ಪಾತ್ರವನ್ನೂ ಹೇಳಬೇಕಾಗುತ್ತದೆ.

ನೋಡಿದರೆ ಕುದುರೆಯ ಬಗ್ಗೆ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ಬಿ.ಎ., ಬಿ.ಇಡಿ. ಮುಗಿಸಿ ಸಮಾಜ ವಿಜ್ಞಾನ ಕಲಿಸುತ್ತ ತಲೆ ನರೆಸಿಕೊಂಡವಳು ನಾನು. ಅಶ್ವಮೇಧದ ಕುದುರೆ, ರಾಣಾ ಪ್ರತಾಪನ ಚೇತಕ್, ವಿಜಯನಗರದ ಅರಸರು ಅರಬರಿಂದಲೂ ಪೋರ್ಚುಗೀಸರಿಂದಲೂ ಕೊಂಡ ಕುದುರೆಗಳು, ಹೀಗೆ ಪಾಠದಲ್ಲಿ ಬಂದುಹೋಗುವ ಕುದುರೆಗಳಷ್ಟೇ ನನಗೆ ಪರಿಚಯ. ರೇಸು ಎಂಬ ಶಬ್ದವಂತೂ ನಮ್ಮ ಮನೆಯಲ್ಲಿ ಬೈಗುಳವಾಗಿತ್ತು. ಯಾರಾದರೂ ದುಡ್ಡು ಹಾಳು ಮಾಡಿದರೆ ಅಪ್ಪ "ಕುದರಿ ಬಾಲಕ್ಕ ಕಟ್ಟಿ ಬಂದಾನ" ಎನ್ನುತ್ತಿದ್ದ. ಅಂಥ ಮನೆಗೆ ಒಂದು ರಾತ್ರಿ ಬಾಲದ ಸಮೇತ ಕುದುರೆಯೇ ಬಂದಿಳಿಯಿತು.

ನಮ್ಮೂರು ಬೀಳಗಿ ತಾಲೂಕಿನ ಅನಗವಾಡಿ. ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಘಟಪ್ರಭೆಯ ಸೇತುವೆ ದಾಟಿದವರಿಗೆಲ್ಲ ಊರಿನ ಹೆಸರು ಗೊತ್ತು, ಊರು ಗೊತ್ತಿರುವವರು ಕಡಿಮೆ. ನಮ್ಮ ಕಡೆ ಓಡುವ ಪ್ರಾಣಿಯೆಂದರೆ ಒಂದು ಮುಧೋಳದ ನಾಯಿ, ಇನ್ನೊಂದು ಶರ್ಯತ್ತಿನ ಎತ್ತು. ಎತ್ತಿನ ಶರ್ಯತ್ತಿಲ್ಲದ ಜಾತ್ರೆ ನಮ್ಮವರಿಗೆ ಉಪ್ಪಿಲ್ಲದ ಊಟವಿದ್ದಂತೆ. ಜಮಖಂಡಿ, ರಬಕವಿ-ಬನಹಟ್ಟಿ ದಾಟಿ ಕೃಷ್ಣೆಯ ದಂಡೆಗುಂಟ ರಾಯಬಾಗ, ಅಥಣಿಯ ಕಡೆ ಹೋದರೆ ಕುದುರೆಗಾಡಿಯ ಶರ್ಯತ್ತೂ ಉಂಟು. ಒಂದು ಬದಿಗೆ ಎತ್ತು, ಇನ್ನೊಂದು ಬದಿಗೆ ಕುದುರೆ ಹೂಡಿ ಓಡಿಸುವ ಗಾಡಿಯೂ ಉಂಟು. ದೂರದ ಊರಿನವರಿಗೆ ಇದು ವಿಚಿತ್ರವೆನಿಸೀತು. ನಮ್ಮವರು ಮಾತ್ರ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ.

ಆ ಹುಚ್ಚು ಹತ್ತಿದ್ದು ನನ್ನ ತಮ್ಮನಿಗೆ. ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವನು. 1990ರಲ್ಲಿ ಎಸ್ಸೆಸ್ಸೆಲ್ಸಿಗೆ ಕೂತು ಇಂಗ್ಲಿಷು, ಗಣಿತ ಎರಡರಲ್ಲೂ ನಪಾಸಾದ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದ, ಮತ್ತೆ ನಪಾಸಾದ. ಆಗ ಬಿ.ಎ. ಕಡೆಯ ವರ್ಷದಲ್ಲಿದ್ದ ನಾನೇ ಅವನಿಗೆ ಪಾಠ ಹೇಳಿದ್ದೆ. ಮನೆಯಲ್ಲಿ ಕಲಿತವಳೆಂಬ ಬಿಂಕ ನನಗಿತ್ತು. ಬೀಜಗಣಿತದ ಸೂತ್ರ ತಪ್ಪಿದಾಗೆಲ್ಲ ತಲೆಗೆ ಮೊಟಕಿದ್ದೇನೆ. ಅವನಿಗೆ ಬರುತ್ತಿದ್ದದ್ದು ಓಟ. ಬರಿಗಾಲಲ್ಲಿ ಹೊಳೆದಂಡೆಯ ಕರಿಮಣ್ಣಿನ ಮೇಲೆ ಅವನು ಓಡಿದರೆ ಎಮ್ಮೆ ಕಾಯುವ ಹುಡುಗರು ನಿಂತು ನೋಡುತ್ತಿದ್ದರು. ಓಟಕ್ಕೆ ಅಂಕಪಟ್ಟಿಯಲ್ಲಿ ಖಾನೆ ಇರಲಿಲ್ಲ.

ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು, ನಾನು ಹುಟ್ಟುವ ಮೊದಲು. ಅದರ ನೀರು ನಮ್ಮ ಬದುಕಿನೊಳಗೆ ಬರಲು ಮೂವತ್ತೈದು ವರ್ಷಗಳ ಮೇಲೆ ಹಿಡಿಯಿತು. ಹಿನ್ನೀರು ಕೃಷ್ಣೆಯಿಂದ ಘಟಪ್ರಭೆಗೆ ಹಿಮ್ಮುಖವಾಗಿ ಏರಿ ಬಂತು. ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿ ನವನಗರ ಎದ್ದಿತು. ನಮ್ಮ ಹೊಳೆದಂಡೆಯ ಹೊಲವೂ ಹೋಯಿತು. ಪರಿಹಾರದ ಹಣ ಬಂದಾಗ ನಾನು ಮದುವೆಯಾಗಿ ಬೀಳಗಿಯಲ್ಲಿದ್ದೆ. ನನಗೇನೂ ಬೇಡವೆಂದು ಕಾಗದಕ್ಕೆ ಸಹಿ ಹಾಕಿಕೊಟ್ಟೆ. ತಮ್ಮನಿಗಾಗಿ ಪಾಲು ಬಿಟ್ಟವಳು ಎಂದು ಊರವರು ಹೊಗಳಿದರು. ನಾನೂ ಅದನ್ನು ಮರೆಯಲಿಲ್ಲ. ಮರೆಯದೆ ಉಳಿದದ್ದೇ ಮುಂದೆ ತಪ್ಪಾಯಿತು.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ, 2004ರ ದೀಪಾವಳಿಯ ಹಿಂದೆ ಮುಂದೆ, ತಮ್ಮ ಯಾರೋ ಕುದುರೆ ವ್ಯಾಪಾರಿಯ ಜೊತೆ ಬೆಂಗಳೂರಿಗೆ ಹೋಗಿ ಹದಿನೆಂಟು ಸಾವಿರ ಕೊಟ್ಟು ಒಂದು ಗಂಡುಕುದುರೆ ತಂದ. ಟೆಂಪೋ ಸೇತುವೆ ದಾಟಿ ಊರೊಳಗೆ ಬಂದಾಗ ನಡುರಾತ್ರಿ. ಅವ್ವ ಕಂದೀಲು ಹಿಡಿದು ಹೊರಗೆ ಬಂದವಳು ಬೆಚ್ಚಿ ಹಿಂದೆ ಸರಿದಳಂತೆ. ನಮ್ಮ ಕಡೆಯ ತಟ್ಟುಗಳನ್ನು ನೋಡಿದ ಕಣ್ಣಿಗೆ ಅದು ಕುದುರೆಯಲ್ಲ, ಬೇರೆಯೇ ಏನೋ. ಬೆನ್ನೇ ತಮ್ಮನ ಗದ್ದದೆತ್ತರ. ಕಂದು ಮೈ, ಕರಿ ಬಾಲ, ಮೊಣಕಾಲಿನ ಕೆಳಗೆ ಕಡ್ಡಿಯಂತೆ ತೆಳುವಾದ ಕರಿ ಕಾಲು. ಚರ್ಮ ಎಷ್ಟು ನಯವೆಂದರೆ ಕೆಳಗೆ ಹರಿಯುವ ನರಗಳೆಲ್ಲ ಕಾಣುತ್ತಿದ್ದವು. ಬೆಳಿಗ್ಗೆ ಕಣಕಿ ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸಿತು. "ಸಾಹೇಬರ ಮನಿಯಾಗ ಉಂಡದ್ದು, ನಮ್ಮ ಕಣಕಿ ಹೆಂಗ ತಿಂದೀತು?" ಎಂದು ಅವ್ವ ಹುರಳಿ ಬೇಯಿಸಲು ಒಲೆ ಹೂಡಿದಳು. ಬೈಯುತ್ತಲೇ ರೊಟ್ಟಿ ನಿವಾಳಿಸಿ ದೃಷ್ಟಿಯನ್ನೂ ತೆಗೆದಳು. ತಮ್ಮ ಅದಕ್ಕೆ ಸರದಾರ ಎಂದು ಹೆಸರಿಟ್ಟ.

ಅದರ ಇಂಗ್ಲಿಷ್ ಹೆಸರು ಬೇರೆ ಇತ್ತು. ವ್ಯಾಪಾರಿ ಜೊತೆಗೆ ಕೊಟ್ಟಿದ್ದ ರೇಸಿನ ಪುಸ್ತಕದ ಒಂದು ಹರಿದ ಹಾಳೆಯನ್ನು ತಮ್ಮ ನನ್ನ ಹತ್ತಿರ ಓದಿಸಲು ತಂದ. ಅದರಲ್ಲಿ ಕುದುರೆಯ ಹೆಸರು, ಬಣ್ಣ, ವಯಸ್ಸು, ತಂದೆ, ತಾಯಿ, ಹೊರಬೇಕಾದ ಭಾರ, ಹಿಂದೆ ಓಡಿದ ಓಟಗಳಲ್ಲಿ ಎಷ್ಟನೆಯದಾಗಿ ಬಂತು ಎಂಬುದರ ಅಂಕಿಗಳು ಇದ್ದವು. ಏಳು ಓಟ. ಒಮ್ಮೆಯೂ ಮೊದಲ ಮೂರರಲ್ಲಿಲ್ಲ. ಒಂದೇ ಒಂದು ಸಲ ನಾಲ್ಕನೆಯದು.

"ಅವರಪ್ಪನ ಹೆಸರು, ಅವ್ವನ ಹೆಸರು ಎಲ್ಲಾ ಬರದಾರಲ್ಲ ಅಕ್ಕಾ! ನನಗ ನಮ್ಮ ಮುತ್ಯಾನ ಅಪ್ಪನ ಹೆಸರು ಗೊತ್ತಿಲ್ಲ" ಎಂದು ತಮ್ಮ ನಕ್ಕ. ನಾನು ಮಾತ್ರ ಆ ಅಂಕಿಗಳನ್ನೇ ನೋಡುತ್ತಿದ್ದೆ. ಮಾಸ್ತರಿಕೆ ಮಾಡುವವರ ಕಣ್ಣು ಮೊದಲು ಅಂಕಿಗೆ ಹೋಗುತ್ತದೆ.

ಆಮೇಲೆ ಈ ಜಾತಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಥರೋಬ್ರೆಡ್ ಎನ್ನುವ ಈ ತಳಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಹದಿನೇಳನೆಯ ಶತಮಾನದ ಕೊನೆ, ಹದಿನೆಂಟನೆಯದರ ಮೊದಲ ಭಾಗದಲ್ಲಿ ಪೂರ್ವದೇಶಗಳಿಂದ ಅಲ್ಲಿಗೆ ಹೋದ ಮೂರು ಗಂಡುಕುದುರೆಗಳೇ ಇಡೀ ಕುಲದ ಮೂಲಪುರುಷರು. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇಂದು ಜಗತ್ತಿನಲ್ಲಿ ಓಡುವ ಯಾವ ಥರೋಬ್ರೆಡ್ಡಿನ ತಂದೆ, ತಂದೆಯ ತಂದೆ ಎಂದು ಹಿಂದೆ ಹೋದರೂ ಈ ಮೂವರಲ್ಲಿ ಒಬ್ಬನ ಹತ್ತಿರ ಹೋಗಿ ಮುಟ್ಟುತ್ತೀರಿ. 1791ರಿಂದ ಅವುಗಳ ವಂಶಾವಳಿ ಅಚ್ಚಾಗುತ್ತ ಬಂದಿದೆ. ನಮ್ಮಲ್ಲಿಯೂ ಕುಣಿಗಲ್ಲಿನಲ್ಲಿ ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಕುದುರೆ ಸಾಕಿದ ಜಾಗವೇ ಮುಂದೆ ರೇಸಿನ ಕುದುರೆ ಹುಟ್ಟಿಸುವ ಫಾರ್ಮಾಯಿತು.

ಇನ್ನೊಂದು ಸಂಗತಿ ಓದಿ ನನಗೆ ನಗು ಬಂತು. ನಮ್ಮ ದೇಶವೂ ಸೇರಿದಂತೆ ಭೂಮಿಯ ಉತ್ತರ ಭಾಗದಲ್ಲಿ ಥರೋಬ್ರೆಡ್ ಮರಿ ಯಾವ ತಿಂಗಳಲ್ಲೇ ಹುಟ್ಟಲಿ, ವಯಸ್ಸಿನ ಲೆಕ್ಕಕ್ಕೆ ಅದರ ಹುಟ್ಟುಹಬ್ಬ ಜನವರಿ 1. ನಮ್ಮ ಹಳ್ಳಿಗಳಲ್ಲಿಯೂ ಹಾಗೆಯೇ ಅಲ್ಲವೇ? ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿ "ಹೋದ ಮಳಿಗಾಲದಾಗ ಹುಟ್ಟೈತ್ರಿ" ಎಂದರೆ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನದೂ ಜೂನ್ 1, ತಮ್ಮನದೂ ಜೂನ್ 1. ಲೆಕ್ಕ ಇಡುವವರ ಅನುಕೂಲಕ್ಕೆ ಕುದುರೆಯೂ ಒಂದೇ, ಮಕ್ಕಳೂ ಒಂದೇ.

ಇದರಲ್ಲಿ ನಗಲಾರದ್ದೂ ಇದೆ. ಜನವರಿಯಲ್ಲಿ ಹುಟ್ಟಿದ ಮರಿಗೂ ಏಪ್ರಿಲ್ಲಿನಲ್ಲಿ ಹುಟ್ಟಿದ ಮರಿಗೂ ಒಂದೇ ವಯಸ್ಸಿನ ಹೆಸರಿನಲ್ಲಿ ಓಟ. ಒಂದೂವರೆ ವರ್ಷಕ್ಕೆಲ್ಲ ಜೀನು ಬಿಗಿದು ಪಳಗಿಸುತ್ತಾರೆ. ಎರಡನೆಯ ವಯಸ್ಸಿಗೆ ಓಡಿಸುತ್ತಾರೆ. ಎಲುಬು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಐದು ಕ್ವಿಂಟಲಿನ ಹತ್ತಿರದ ಮೈಯನ್ನು ಆ ಕಡ್ಡಿಕಾಲುಗಳು ಗಂಟೆಗೆ ಅರವತ್ತು ಕಿಲೋಮೀಟರಿನ ವೇಗದಲ್ಲಿ ಹೊರಬೇಕು. ಅದಕ್ಕೇ ಲಾಳವನ್ನಾದರೂ ಹಗುರ ಮಾಡುತ್ತಾರೆ.

ಊರಿನ ಲಾಳ ಬಡಿಯುವವ ಸರದಾರನ ಕಾಲಿನಿಂದ ಅಲ್ಯುಮಿನಿಯಂ ಲಾಳಗಳನ್ನು ಕಿತ್ತು, ಅಂಗೈಯಲ್ಲಿ ತೂಗಿ, "ಏನಿದು, ಹಪ್ಪಳಾ?" ಎಂದ. ಡಾಂಬರು ರಸ್ತೆಯ ಮೇಲೆ ಓಡಬೇಕಾದದ್ದಕ್ಕೆ ಕಬ್ಬಿಣದ್ದನ್ನೇ ಬಡಿದ. ಹಳೆಯದರಲ್ಲಿ ಒಂದನ್ನು ತಮ್ಮ ಎತ್ತಿಟ್ಟುಕೊಂಡ.

ಆಗ ನಾನು ನಮ್ಮೂರ ಶಾಲೆಯಲ್ಲಿಯೇ ಕೆಲಸ ಮಾಡುತ್ತಿದ್ದೆ. ಬೀಳಗಿಯಿಂದ ಬಸ್ಸಿಗೆ ಬಂದು ಹೋಗುತ್ತಿದ್ದೆ. ತವರುಮನೆ ಶಾಲೆಯ ಕೂಗಳತೆಯಲ್ಲಿ. ಹಿತ್ತಲಿನ ಬೇವಿನ ಗಿಡದ ಕೆಳಗೆ ಸರದಾರನನ್ನು ಕಟ್ಟುತ್ತಿದ್ದರು. ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಹೋದವಳು ಅವ್ವನೊಡನೆ ಮಾತಾಡುತ್ತ ಹಿತ್ತಲಲ್ಲಿ ನಿಂತಿದ್ದೆ. ಶಾಲೆಯಲ್ಲಿ ಜವಾನ ಗಂಟೆ ಬಾರಿಸಿದ. ನಮ್ಮದು ತೂಗುಹಾಕಿದ ರೈಲು ಕಂಬಿಯ ತುಂಡು, ಬಾರಿಸಿದರೆ ಊರೆಲ್ಲ ಕೇಳುತ್ತಿತ್ತು. ಗಂಟೆಯ ಸದ್ದು ಬೀಳುತ್ತಲೂ ಸರದಾರ ತಲೆಯೆತ್ತಿತು. ಎರಡೂ ಕಿವಿ ಮುಂದಕ್ಕೆ ನಿಮಿರಿದವು. ಹಿಂಗಾಲುಗಳನ್ನು ಮೈಯ ಕೆಳಗೆ ಎಳೆದುಕೊಂಡು, ಎದೆಯಿಂದ ಬಾಲದವರೆಗೆ ಬಿಗಿದು ನಡುಗುತ್ತ ನಿಂತಿತು. ಬೆನ್ನ ಮೇಲೆ ಬೆವರೊಡೆಯಿತು. ಹಗ್ಗ ಜಗ್ಗಲಿಲ್ಲ, ಕೆನೆಯಲಿಲ್ಲ. ಕಾಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಮೈ ಸಡಿಲಾಗಿ ತಲೆ ಕೆಳಗೆ ಬಂತು.

"ದಿನಾ ಹಿಂಗ ಮಾಡತೈತಿ" ಎಂದಳು ಅವ್ವ. ಸಂಜೆ ತಮ್ಮ ವಿವರಿಸಿದ. ರೇಸಿನಲ್ಲಿ ಒಂದೊಂದು ಕುದುರೆಯನ್ನು ಒಂದೊಂದು ಕಬ್ಬಿಣದ ಖಾನೆಯೊಳಗೆ ನಿಲ್ಲಿಸುತ್ತಾರಂತೆ. ಗಂಟೆ ಬಾರಿಸಿದ್ದೇ ತಡ, ಮುಂದಿನ ಬಾಗಿಲುಗಳೆಲ್ಲ ಒಮ್ಮೆಲೇ ಖಣ್ಣೆಂದು ತೆರೆದುಕೊಳ್ಳುತ್ತವೆ. ಆ ಕ್ಷಣಕ್ಕೆ ಹಾರಬೇಕು. ಅದನ್ನೇ ಚಿಕ್ಕಂದಿನಿಂದ ಕಲಿಸಿರುತ್ತಾರೆ. "ಬಾಗಲಾ ತೆರೀತೈತಿ ಅಂತ ಕಾಯತೈತಿ ಅಕ್ಕಾ. ತೆರಿಯೂದ ಇಲ್ಲ" ಎಂದ. ಶಾಲೆಯಲ್ಲಿ ದಿನಕ್ಕೆ ಎಂಟೊಂಬತ್ತು ಗಂಟೆ. ಮರುದಿನ ತಮ್ಮ ನಮ್ಮ ಜವಾನನಿಗೆ ಬೀಡಿಯ ಕಟ್ಟು ಕೊಟ್ಟು "ಸ್ವಲ್ಪ ಹಗೂರ್ಕ ಬಾರಸ್ರಿ" ಎಂದು ಕೇಳಿಕೊಂಡದ್ದು ಶಿಕ್ಷಕರ ಕೋಣೆಯಲ್ಲಿ ವಾರದವರೆಗೆ ನಗೆಯ ವಿಷಯವಾಯಿತು. ನಾನೂ ನಕ್ಕೆ.

ತಮ್ಮ ಸರದಾರನನ್ನು ಗಾಡಿಗೆ ಪಳಗಿಸಿದ ರೀತಿಯನ್ನು ನೋಡಿದ್ದರೆ ಯಾವ ಶಿಕ್ಷಣ ಕಾಲೇಜಿನವರೂ ನಾಚಬೇಕು. ಮೊದಲ ಹದಿನೈದು ದಿನ ಬರಿಯ ಹಗ್ಗ ಹಿಡಿದು ಜೊತೆಗೆ ನಡೆದ. ಆಮೇಲೆ ಹಳೆಯ ಟಯರೊಂದನ್ನು ಹಿಂದೆ ಕಟ್ಟಿ ಮಣ್ಣಿನಲ್ಲಿ ಎಳೆಸಿದ. ಬೆದರಿದರೆ ನಿಂತ, ಮೈದಡವಿದ, ಮತ್ತೆ ನಡೆಸಿದ. ಒಂದು ಸಲವೂ ಚಾಟಿ ಎತ್ತಲಿಲ್ಲ. ನನ್ನ ಬಿ.ಇಡಿ. ಪುಸ್ತಕದಲ್ಲಿ ಸುಲಭದಿಂದ ಕಠಿಣಕ್ಕೆ, ತಿಳಿದದ್ದರಿಂದ ತಿಳಿಯದ್ದಕ್ಕೆ ಎಂದು ಓದಿದ್ದನ್ನು ಅವನು ಓದದೆಯೇ ಮಾಡುತ್ತಿದ್ದ. ಇದೇ ತಮ್ಮನಿಗೆ ನಾನು ಗಣಿತ ಕಲಿಸುವಾಗ ತಲೆಗೆ ಮೊಟಕಿದ್ದೆನೆಂಬುದು ನೆನಪಾಗಿ ಒಳಗೊಳಗೇ ಸಣ್ಣವಳಾದೆ. ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ಶರ್ಯತ್ತಿನಲ್ಲಿ ಹಲಗೆಯ ಸದ್ದಿಗೇ ಸರದಾರ ಎಲ್ಲರಿಗಿಂತ ಮುಂಚೆ ಹಾರಿ, ಜೊತೆಗೆ ಹೂಡಿದ ಎತ್ತನ್ನೂ ಗಾಡಿಯನ್ನೂ ಹೊಲಕ್ಕೆ ಎಳೆದುಕೊಂಡು ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ಎರಡನೆಯದು 2005ರ ಜನವರಿಯಲ್ಲಿ, ಸಂಕ್ರಾಂತಿಯ ಮರುವಾರ, ಕೃಷ್ಣೆಯಾಚೆಯ ಒಂದು ಊರಿನಲ್ಲಿ. ಮರುದಿನ ನಾನು ಒಂಬತ್ತನೆಯ ಇಯತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ ಬಾಗಿಲಲ್ಲಿ ತಮ್ಮ ನಿಂತಿದ್ದ. ಮುಖ, ತಲೆ, ಅಂಗಿಯೆಲ್ಲ ಗುಲಾಲು. ಒಂದು ಕೈಯಲ್ಲಿ ಬೆಳ್ಳಿಯ ಖಡೆ, ಇನ್ನೊಂದರಲ್ಲಿ ಪೇಡೆಯ ಪೊಟ್ಟಣ.

"ಅಕ್ಕಾ, ಮೊದಲನೇ ನಂಬರ ಬಂತು."

ಕುದುರೆ ಬಂತು ಎಂದನೋ, ತಾನು ಬಂದೆ ಎಂದನೋ ನನಗೆ ತಿಳಿಯಲಿಲ್ಲ. ಮೂವತ್ತು ದಾಟಿದ ಗಂಡಸು ಶಾಲೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಮೊದಲನೆಯ ನಂಬರು ಬಂತೆಂದು ಹೇಳುತ್ತಿದ್ದಾನೆ. ನನ್ನ ಕಣ್ಣು ತುಂಬಿತು. ಮಕ್ಕಳಿಗೆಲ್ಲ ಪೇಡೆ ಹಂಚಿಸಿದೆ.

ಆ ಸಂತೋಷ ಮೂರು ವಾರ ಉಳಿಯಿತು. ಮೂರನೆಯ ಓಟ ಡಾಂಬರು ರಸ್ತೆಯ ಮೇಲೆ. ಅರ್ಧ ದಾರಿಯಲ್ಲಿ ಸರದಾರ ಬಲ ಮುಂಗಾಲು ಎತ್ತಿಹಿಡಿಯಿತು. ಮೊಣಕಾಲಿನ ಕೆಳಗೆ ಹಿಂಬದಿಯ ನರ ಊದಿ ಬಿಲ್ಲಿನಂತೆ ಬಾಗಿ ನಿಂತಿತ್ತು. ದನದ ಡಾಕ್ಟರು ಕೈಯಾಡಿಸಿ ನೋಡಿ ಹೇಳಿದರು: "ಇದು ಹೊಸಾದಲ್ಲ. ಹಿಂದೊಮ್ಮೆ ಆಗಿ ಮಾಯ್ದದ್ದು. ಅದಕ್ಕ ರೇಸಿನವರು ಬಿಟ್ಟಾರ. ಎಂಟ ತಿಂಗಳು, ವರ್ಷ ವಿಶ್ರಾಂತಿ ಕೊಡ್ರಿ. ತಣ್ಣೀರಾಗ ನಿಲ್ಲಸ್ರಿ. ಶರ್ಯತ್ತು ಮಾತ್ರ ಮರೀರಿ."

ತಮ್ಮ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕುದುರೆಯನ್ನು ಹಿನ್ನೀರಿನಲ್ಲಿ ನಿಲ್ಲಿಸತೊಡಗಿದ. ತಾನೂ ಮೊಣಕಾಲುದ್ದ ನೀರಿನಲ್ಲಿ ಹಗ್ಗ ಹಿಡಿದು ನಿಲ್ಲುತ್ತಿದ್ದ. ಅವರು ನಿಲ್ಲುತ್ತಿದ್ದ ಜಾಗ ನಮ್ಮದೇ ಹೊಲ. ಅಪ್ಪ ಜೋಳ ಬಿತ್ತುತ್ತಿದ್ದ ಮಣ್ಣಿನ ಮೇಲೆ, ಆ ಮಣ್ಣಿನ ಹಣದಿಂದ ಕೊಂಡ ಕುದುರೆ, ಕಾಲು ವಾಸಿಯಾಗಲೆಂದು ನಿಂತಿರುತ್ತಿತ್ತು. ಬಸ್ಸು ಸೇತುವೆ ದಾಟುವಾಗ ಕಿಟಕಿಯಿಂದ ನೋಡುತ್ತಿದ್ದೆ. ದೂರದಿಂದ ಎರಡು ಕಡ್ಡಿ ನೆಟ್ಟಂತೆ ಕಾಣುತ್ತಿದ್ದರು. ಮಾರ್ಚಿಗೆ ಹಿನ್ನೀರು ಇಳಿಯಿತು. ಹೊಲದ ಬದು ಬಿರುಕು ಬಿಟ್ಟ ಕೆಸರಿನಿಂದ ಮೇಲೆದ್ದಿತು. ತಮ್ಮ ನೀರನ್ನು ಹಿಂಬಾಲಿಸಿ ದಿನದಿನಕ್ಕೆ ಇನ್ನಷ್ಟು ಕೆಳಗೆ ಕುದುರೆಯನ್ನು ನಡೆಸಿಕೊಂಡು ಹೋಗುತ್ತಿದ್ದ.

ಅದೇ ಮಾರ್ಚಿನಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿ ನಾನಿದ್ದಾಗ, ಅವನು ಬೀಳಗಿಯ ನಮ್ಮ ಮನೆಗೆ ಬಂದ. ಹತ್ತು ಸಾವಿರ ಬೇಕಾಗಿತ್ತು. ಔಷಧಿಗೆ, ಹುರಳಿಗೆ, ಮಳೆಗಾಲದವರೆಗೆ. "ಕಬ್ಬಿನ ಬಿಲ್ಲ ಬಂದ ಕೂಡ್ಲೆ ಕೊಡತೇನಿ ಅಕ್ಕಾ." ಹಣ ನನ್ನ ಹತ್ತಿರ ಇತ್ತು. ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಾನು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮಗುಚಿ ಅದರ ಬೆನ್ನಿಗೆ ಲೆಕ್ಕ ಬರೆಯತೊಡಗಿದೆ. ಕುದುರೆ ಹದಿನೆಂಟು ಸಾವಿರ, ಟೆಂಪೋ ಇಷ್ಟು, ಹುರಳಿ ಇಷ್ಟು, ಬಂದ ಬಹುಮಾನ ಇಷ್ಟು. ಕೂಡಿಸಿ, ಕಳೆದು, ಅಡಿಗೆರೆ ಎಳೆದು ಅವನ ಮುಂದಿಟ್ಟೆ. ನಾನು ಪಾಲು ಬಿಟ್ಟುಕೊಟ್ಟದ್ದು ಹೀಗೆ ಹಾಳಾಗಲಿಕ್ಕಲ್ಲ ಎಂದೆ. ಅವನು ಸುಮ್ಮನೆ ಕೂತಿದ್ದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ಬಾಯಿ ನಿಲ್ಲಲಿಲ್ಲ.

"ಅದು ನಪಾಸಾದ ಕುದರಿ. ನಪಾಸಾದದ್ದನ್ನ ಎಷ್ಟ ಸಲ ಕಟ್ಟತಿ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, "ಬರ್ತೇನಿ ಅಕ್ಕಾ" ಎಂದು ಹೋದ. ನಾಲ್ಕನೆಯ ದಿನ ಬೇವಿನ ಗಿಡದ ಕೆಳಗೆ ಬರೀ ಗೂಟ ಇತ್ತು. ಎಲ್ಲಿಗೆ ಕೊಟ್ಟೆ ಎಂದು ಕೇಳಿದರೆ "ಬಿಟ್ಟೆ" ಎಂದಷ್ಟೇ ಹೇಳಿದ. ಸಾಂಗಲಿಯ ಕಡೆಯ ವ್ಯಾಪಾರಿ ಒಯ್ದನೆಂದು ಅವ್ವ ಹೇಳಿದಳು. ಅವನು ಆಮೇಲೆ ಎರಡು ಸಲ ಮಿರಜಿಗೆ, ಒಂದು ಸಲ ವಿಜಯಪುರಕ್ಕೆ ಹೋಗಿ ಟಾಂಗಾ ಸ್ಟ್ಯಾಂಡುಗಳಲ್ಲಿ ಹುಡುಕಿ ಬಂದನೆಂಬುದೂ ಅವ್ವನಿಂದಲೇ ತಿಳಿದದ್ದು. ನನಗೆ ಅವನು ಹೇಳಲಿಲ್ಲ. ಅಂದಿನಿಂದ ಅವನು ನನ್ನಿಂದ ಏನನ್ನೂ ಕೇಳಲಿಲ್ಲ. ಹಬ್ಬಕ್ಕೆ ಕರೆಯುತ್ತಾನೆ, ಉಡಿ ತುಂಬುತ್ತಾರೆ, ಎಲ್ಲವೂ ಸರಿಯಾಗಿಯೇ ಇತ್ತು. ಕೇಳುವುದು ಮಾತ್ರ ನಿಂತಿತು.

ಹನ್ನೊಂದು ವರ್ಷ ಕಳೆಯಿತು. ನನ್ನ ಮಗ ಪಿ.ಯು.ಸಿ. ಮುಗಿಸಿ ಪ್ರವೇಶ ಪರೀಕ್ಷೆ ಬರೆದ. ರ್‍ಯಾಂಕು ಬರಲಿಲ್ಲ. ಇನ್ನೊಂದು ವರ್ಷ ಕೂತು ಓದುತ್ತೇನೆ ಎಂದ. ಬೆಂಗಳೂರಿನಲ್ಲಿ ಕೋಚಿಂಗ್, ವಸತಿ, ಊಟ ಸೇರಿ ಒಂದೂವರೆ ಲಕ್ಷ. ಪ್ರಶ್ನೆಪತ್ರಿಕೆಯ ಬೆನ್ನಿಗೆ ನಾನು ಲೆಕ್ಕ ಬರೆಯಲಿಲ್ಲ. ಭವಿಷ್ಯನಿಧಿಯಿಂದ ಹಣ ತೆಗೆದೆ, ಸಾಲದ್ದಕ್ಕೆ ಬಂಗಾರ ಅಡವಿಟ್ಟೆ. ನಪಾಸಾದದ್ದನ್ನು ಎಷ್ಟು ಸಲ ಕಟ್ಟುತ್ತೀ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದವನು ಒಬ್ಬನೇ. ಅವನು ಸುದ್ದಿ ತಿಳಿದ ಮರುದಿನ ಬಂದು, ಕಬ್ಬಿನ ಬಿಲ್ಲಿನ ಇಪ್ಪತ್ತು ಸಾವಿರವನ್ನು ದೇವರ ಮುಂದಿಟ್ಟು, "ಹುಡುಗಗ ಧೈರ್ಯಾ ಹೇಳು" ಎಂದು ಹೋದ.

2016ರಲ್ಲಿ ಮಗನನ್ನು ಬಿಟ್ಟು ಬರಲು ಬೆಂಗಳೂರಿಗೆ ಹೋದಾಗ ರೇಸ್ ಕೋರ್ಸ್ ರಸ್ತೆಗೆ ಹೋದೆ. 2023ರಲ್ಲಿ ಆ ರಸ್ತೆಗೆ ಅಂಬರೀಶರ ಹೆಸರಿಟ್ಟರು, ಜನರ ಬಾಯಲ್ಲಿ ಹಳೆಯ ಹೆಸರೂ ಉಳಿದಿದೆ. ಗೋಡೆಯಾಚೆ ಕುದುರೆ ಕಾಣಲಿಲ್ಲ, ಲದ್ದಿಯ ವಾಸನೆ ಬಂತು. ಹತ್ತಿರದ ಚಹಾದಂಗಡಿಯಲ್ಲಿ ಲಾಯದಲ್ಲಿ ದುಡಿದು ಮುದುಕನಾದ ಒಬ್ಬ ಸಿಕ್ಕ. ಕುದುರೆಯ ಮಾತೆತ್ತಿದ್ದೇ ಸಾಕು, ಅವನ ಮುಖ ಅರಳಿತು. ಸ್ಕ್ವಾಂಡರರ್ ಎಂಬ ಕುದುರೆಯ ಹೆಸರು ಹೇಳಿ ಕೈಮುಗಿದ. ರಶೀದ್ ಬೈರಾಮ್‌ಜಿ ತಯಾರು ಮಾಡಿದ ಆ ಕುದುರೆ 19 ಓಟಗಳಲ್ಲಿ 18 ಗೆದ್ದಿತು. 1977ರಲ್ಲಿ ಮುಂಬಯಿಯ ಇಂಡಿಯನ್ ಡರ್ಬಿಯನ್ನೂ ಗೆದ್ದಿತು. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ ಹೊರಿಸುವ ಓಟಗಳೂ ಉಂಟು, ಜಾಕಿಯ ತೂಕ ಸಾಲದಿದ್ದರೆ ಸೀಸದ ತುಂಡು ಇಟ್ಟು ತೂಕ ತುಂಬಿಸುತ್ತಾರೆ ಎಂದು ವಿವರಿಸಿದ.

"ಗೆಲ್ಲದ ಕುದುರೆಗಳು ಏನಾಗುತ್ತವೆ?" ಎಂದು ಕೇಳಿದೆ.

ಅವನು ಲೋಟ ಕೆಳಗಿಟ್ಟ. "ಹೆಣ್ಣಾದ್ರೆ ಮರಿ ಹಾಕೋದಕ್ಕಾದ್ರೂ ಇಟ್ಕೋತಾರಮ್ಮ. ಗಂಡಿನಲ್ಲಿ ಬೀಜಕ್ಕೆ ಬೇಕಾಗೋದು ಎಲ್ಲೋ ನಾಲ್ಕು, ಅದೂ ಗೆದ್ದಿದ್ದು. ಸೋತ ಗಂಡುಮರಿಗೆ ಯಾರಿದ್ದಾರೆ? ಪುಣ್ಯ ಇದ್ರೆ ಸವಾರಿ ಶಾಲೆ. ಇಲ್ದಿದ್ರೆ ಮದುವೆ ಮೆರವಣಿಗೆ, ಟಾಂಗಾ."

ಕುದುರೆ ರೇಸಿನ ಬಾಜಿ ಬರಿಯ ಅದೃಷ್ಟದ ಜೂಜಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು 2014ರ ಮೇ 7ರ ತೀರ್ಪಿನಲ್ಲಿ ತಡೆಯಿತು. ರಾಜ್ಯಗಳು ಕಾಯಿದೆ ತಿದ್ದಿಕೊಂಡ ಮೇಲೆ, ನಮ್ಮ ಕಂಬಳ ಮತ್ತು ಎತ್ತಿನ ಗಾಡಿ ಓಟದ ತಿದ್ದುಪಡಿಯೂ ಸೇರಿದಂತೆ, ಅವನ್ನು 2023ರ ಮೇ 18ರಂದು ಒಪ್ಪಿತು. ಇವನ್ನೆಲ್ಲ ಪೌರನೀತಿಯ ಪಾಠದಲ್ಲಿ ಹುಡುಗರಿಗೆ ಹೇಳುತ್ತೇನೆ. ಓಡುವಾಗ ಹೊಡೆಯಬಾರದು ಎಂಬ ಮಾತು ಸರಿಯಾದದ್ದೇ. ಆದರೆ ಸರದಾರನಿಗೆ ಯಾರೂ ಹೊಡೆಯಲಿಲ್ಲ. ಓಟ ಮುಗಿದ ಮೇಲೆ ಅದರ ಹತ್ತಿರ ನಿಲ್ಲಲು ಒಬ್ಬನೇ ಇದ್ದ, ಅವನನ್ನು ನಾನು ಲೆಕ್ಕ ತೋರಿಸಿ ಎಬ್ಬಿಸಿದೆ.

2019ರಲ್ಲಿ ಅವ್ವ ತೀರಿಕೊಂಡಳು. ದಿನಕರ್ಮಗಳು ಮುಗಿದ ಮೇಲೆ ನಾನೂ ತಮ್ಮನೂ ಅವಳ ಟ್ರಂಕು ತೆಗೆದೆವು. ಇಳಕಲ್ಲ ಸೀರೆಗಳ ಕೆಳಗೆ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ತಮ್ಮನ ಎರಡು ನಪಾಸಿನ ಅಂಕಪಟ್ಟಿಗಳು, ಬೆಳ್ಳಿಯ ಖಡೆ, ರೇಸಿನ ಪುಸ್ತಕದ ಆ ಹರಿದ ಹಾಳೆ, ಮತ್ತು ಈ ಲಾಳ. ಓದಲು ಬಾರದ ಅವ್ವ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಳು. ಯಾವುದು ಪಾಸು, ಯಾವುದು ನಪಾಸು ಎಂಬ ವಿಂಗಡಣೆ ಅವಳಿಗೆ ಬೇಕಾಗಿರಲಿಲ್ಲ.

ಹದಿನಾಲ್ಕು ವರ್ಷಗಳಿಂದ ಆಡಬೇಕೆಂದಿದ್ದ ಮಾತು ನನ್ನ ಗಂಟಲಿಗೆ ಬಂತು. "ಅವತ್ತ ನಾ ಹಂಗ ಅನಬಾರದಿತ್ತು" ಎಂದೆ. ತಮ್ಮ ಯಾವತ್ತು, ಏನು ಎಂದು ಕೇಳಲಿಲ್ಲ. ಅವನೂ ಮರೆತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲಾಳವನ್ನು ಎತ್ತಿ ನನ್ನ ಕೈಯಲ್ಲಿಟ್ಟ.

"ನೀನ ಇಟ್ಟಕೋ ಅಕ್ಕಾ. ಸಾಲ್ಯಾಗ ಹುಡುಗೂರಿಗೆ ತೋರಸು. ಕುದರಿ ಲಾಳ ಇಷ್ಟ ಹಗೂರ ಇರತೈತಿ ಅಂದ್ರ ನಂಬೂದಿಲ್ಲ ಅವ್ರು."

ಖಡೆಯನ್ನು ಅವನು ಇಟ್ಟುಕೊಂಡ. ಅಂಕಪಟ್ಟಿಗಳನ್ನು ಇಬ್ಬರೂ ಸೇರಿ ಹಾಗೆಯೇ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟೆವು. ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೆ ಬಂದವನು, ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, "ಅಕ್ಕಾ, ಬೋರಿನ ಮೋಟಾರ ಸುಟ್ಟೈತಿ. ಒಂದ ಐದ ಸಾವಿರ ಇದ್ರ ನೋಡು" ಎಂದ.

ಅಷ್ಟು ವರ್ಷಗಳ ಮೇಲೆ ಅವನು ನನ್ನನ್ನು ಕೇಳಿದ. ಬಸ್ಸು ಸೇತುವೆ ಹತ್ತಿತು. ಕೆಳಗೆ ನಮ್ಮ ಹೊಲದ ಮೇಲೆ ನೀರು ತುಂಬಿ ನಿಂತಿತ್ತು.